ಹುಲಿಗೆಮ್ಮನವರ ಟಿಕೇಟು

ಕೊಪ್ಪಳ ಸೀಮೆ, ಫೆಬ್ರವರಿ 30, 2214

ಕಂಡಕ್ಟರ್ ಹುಲಿಗೆಮ್ಮನವರ ಸನ್ನಿಧಿಗೆ, ನೆರಳುಪಟ ಹೊಲಿಯುವ ಮೈಲಾರಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಉಳಿದ ತಿಂಗಳುಗಳಷ್ಟೇ ದಿನ. ಆ ಬಡಪಾಯಿಗೆ ಆಗಿದ್ದ ಅನ್ಯಾಯವನ್ನು ಸರಿಪಡಿಸಿದ್ದೇವೆ. ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ಮುಗ್ಗರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೆರಳುಪಟವೆಂದರೆ ಬೀದಿಗಳ ಮೇಲೆ ಎತ್ತರದ ಕಂಬಗಳಿಗೆ ಕಟ್ಟುವ ದೊಡ್ಡ ಬಟ್ಟೆ. ಅದಿಲ್ಲದೆ ನಮ್ಮ ಬೇಸಿಗೆಯಲ್ಲಿ ಸಂತೆ ನಡೆಯದು, ಶಾಲೆ ನಡೆಯದು, ಮದುವೆಯಂತೂ ಕೇಳಲೇಬೇಡಿ. ನಾನು ಹೊಲಿಯುತ್ತೇನೆ, ಮಗಳು ಹೊನ್ನಿ ಕಂಬ ಹತ್ತಿ ಕಟ್ಟುತ್ತಾಳೆ. ಹತ್ತಿದರೆ ಸಂಜೆಯವರೆಗೂ ಇಳಿಯುವಂತಿಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ, ಒತ್ತಿ ಬಂದರೂ ತಡೆದುಕೊಳ್ಳುತ್ತಾಳೆ. ನೀವು ಬಸ್ಸಿನಲ್ಲಿ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಕಾಲ ಎಷ್ಟು ಬದಲಾದರೂ ಹೆಣ್ಣುಮಕ್ಕಳ ಈ ಪಾಡು ಬದಲಾಗಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ.

ಕಳೆದ ವಾರ ಅವಳಿಗೆ ಮೂತ್ರದ ಸೋಂಕು ಮೂತ್ರಪಿಂಡಕ್ಕೇರಿತು. ಚಳಿ, ಜ್ವರ, ಬೆನ್ನು ಹಿಡಿದುಕೊಂಡು ನರಳಾಟ. ಸೂಜಿ ಚುಚ್ಚಿ ಸಲೈನ್ ಏರಿಸುವ ಆಸ್ಪತ್ರೆ ದೂರ, ಬಿಸಿಲಿಗೆ ದಾರಿ ಬೇರೆ ಮುಚ್ಚಿತ್ತು. ನಮ್ಮೂರ ದಾದಿ ಕೊಟ್ಟದ್ದು ನುಂಗುವ ಮಾತ್ರೆ, ನೀವು ನುಂಗಿದ ಮಾತ್ರೆಯ ಮರಿಮಗಳು. ಕೊಡುವ ಮುನ್ನ ವಾಡಿಕೆಯಂತೆ ಕೇಳಿದಳು: "ಟಿಕೇಟು ಯಾರ್ದು?" ಹೊನ್ನಿ ನರಳುತ್ತಲೇ "ನಂದು" ಎಂದಳು. ನಮ್ಮಲ್ಲಿ ಬಸ್ಸೂ ಇಲ್ಲ, ಟಿಕೇಟೂ ಇಲ್ಲ. ಆದರೆ ನನ್ನ ಔಷಧಿ ಯಾರಿಗೂ ಕೊಡುವುದಿಲ್ಲ, ಅರ್ಧಕ್ಕೆ ಬಿಡುವುದಿಲ್ಲ ಎಂದು ಹೀಗೆ ಮಾತು ಕೊಟ್ಟ ಮೇಲೆಯೇ ಮಾತ್ರೆ ಕೈಗೆ ಬರುತ್ತದೆ.

ಈ ವಾಡಿಕೆ ಎಲ್ಲಿಂದ ಬಂತೆಂದು ನಮ್ಮ ಮಕ್ಕಳಿಗೂ ಗೊತ್ತು. ಇದೇ ಸೋಂಕಿಗೆ ನೀವು ಆಸ್ಪತ್ರೆ ಸೇರಿದ್ದಾಗ ನಿಮ್ಮ ವಾರ್ಡಿನಲ್ಲಿ ಹೊಸ ಮಾತ್ರೆಯ ಪರೀಕ್ಷೆ ನಡೆದಿತ್ತು. ಒಪ್ಪಿಕೊಂಡ ಎಲ್ಲರಿಗೂ ಮಾತ್ರೆ, ಎಲ್ಲರಿಗೂ ಸಲೈನ್. ಕೆಲವರಿಗೆ ಮದ್ದು ಮಾತ್ರೆಯಲ್ಲಿ, ಕೆಲವರಿಗೆ ಸಲೈನಿನಲ್ಲಿ. ಇನ್ನೊಂದು ಬರೀ ಹುಸಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಪಕ್ಕದ ಹಾಸಿಗೆಯ ಖೈರುನ್‌ಬಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ರೊಟ್ಟಿ ಹಂಚಿಕೊಂಡಂತೆ ಮಾತ್ರೆಗಳನ್ನೂ ಮುರಿದು ಹಂಚಿಕೊಳ್ಳೋಣ, ಯಾರಿಗೂ ಬರೀ ಹುಸಿ ಮಾತ್ರೆಯೇ ಸಿಗುವುದು ಬೇಡ ಎಂದರಂತೆ. ಇಡೀ ವಾರ್ಡು ಹೂಂಗುಟ್ಟಿತು. ನೀವೊಬ್ಬರೇ ಜ್ವರದಲ್ಲೂ ಎದ್ದು ಕುಳಿತಿರಿ.

"ರೊಟ್ಟಿ ನನ್ನ ಪಾಲಿಂದೂ ತಗೋವ್ವ, ಗುಳಿಗಿ ಮಾತ್ರ ಕೇಳಬ್ಯಾಡ. ಒಬ್ರ ಟಿಕೇಟಿನ್ಯಾಗ ಇನ್ನೊಬ್ರು ಕುಂತ್ರ, ಯಾರು ಎಲ್ಲಿ ಇಳದ್ರು ಅಂತ ಹೆಂಗ ತಿಳೀತೈತಿ?"

ಎಲ್ಲರೂ ನಕ್ಕರಂತೆ, ತಮ್ಮ ತಮ್ಮ ಮಾತ್ರೆ ತಾವೇ ನುಂಗಿದರಂತೆ. ಮಾತ್ರೆಯೂ ಸಲೈನಿಗೆ ಸರಿಸಮ ಎಂಬುದು ಹಾಗೆ ತಿಳಿಯಿತು. ನಿಮ್ಮ ಕೈಯಲ್ಲಿದ್ದದ್ದು ಮದ್ದೋ ಹಿಟ್ಟೋ ನಿಮಗೇ ಗೊತ್ತಿರಲಿಲ್ಲ. ಆದರೂ ನುಂಗಿದಿರಿ. ಅದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಹೊನ್ನಿ ಇವತ್ತು ಎದ್ದು ಗಂಜಿ ಕುಡಿದಳು, ಉಪ್ಪು ಕಡಿಮೆ ಎಂದು ನನ್ನನ್ನು ಬೈದಳು. ಬೈಗುಳ ಇಷ್ಟು ಸಿಹಿ ಎಂದು ಗೊತ್ತಿರಲಿಲ್ಲ. ಪ್ರತಿ ಕಂಬದ ಬಳಿ ಶೌಚಾಲಯ ಕಟ್ಟಿ, ನಡುನಡುವೆ ಇಳಿಯಲು ಬಿಡುವವರೆಗೆ ಪಟಕ್ಕೆ ಸೂಜಿ ಹಾಕುವುದಿಲ್ಲವೆಂದು ಪಂಚಾಯಿತಿಗೆ ಹೇಳಿಬಂದಿದ್ದೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ, ತಾಯಿ. ಗುಣವಾಗಿ ಡ್ಯೂಟಿಗೆ ಮರಳಿದ ಮೇಲೆ ಹೊಟ್ಟೆ ತುಂಬ ನೀರು ಕುಡಿಯಿರಿ. ಒತ್ತಿ ಬಂದಾಗ ಸೀಟಿ ಊದಿ ಬಸ್ ನಿಲ್ಲಿಸಿ. ಪ್ರಯಾಣಿಕರು ಗೊಣಗಿದರೆ ಗೊಣಗಲಿ. ಇನ್ನೂ ಹುಟ್ಟದ ನನ್ನ ಮಗಳಿಗಾಗಿ ನೀವು ಅಷ್ಟು ಮಾಡಿದಿರಿ. ಅವರು ನಿಮಗಾಗಿ ಐದು ನಿಮಿಷ ಕಾಯಲಿ.