ಕಾವಲುಗಾರ್ತಿಯ ಕೈಗೆ ಆರತಿ ತಟ್ಟೆ ಕೊಟ್ಟವರಿಗೆ

ಪ್ರದರ್ಶನ ಭವನದ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ನಿಮ್ಮ ಭವನದ ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತಿದ್ದ ಹೊತ್ತಿನಲ್ಲೇ, ಕೆಳಗೆ ನನ್ನ ಯಜಮಾನರು ಕೈಯಾರೆ ಮಾಡಿದ ರೈಲು ಕಳವಾಯಿತು. ಕಳ್ಳ ಸಿಗಲಿಲ್ಲ. ಹಾಗಂತ ನೀವು ಸುಮ್ಮನೆ ಕೂರುವವರೇ? ಕಳ್ಳನ ಬದಲು ಕಾವಲುಗಾರ್ತಿಯನ್ನು ಹಿಡಿದಿರಿ. ಬಸವಣ್ಣೆವ್ವ ಎಂಬ ಆ ಹೆಂಗಸನ್ನು ಕೆಲಸದಿಂದ ತೆಗೆಸಿ, ಪ್ರಕರಣ ಮುಕ್ತಾಯವಾಯಿತೆಂದು ಷರಾ ಬರೆದು ಕೈ ತೊಳೆದುಕೊಂಡಿರಿ. ಅದು ಮುಕ್ತಾಯವಾಗಿಲ್ಲ ಎಂದು ತಿಳಿಸಲು ಈ ಪತ್ರ.

ಇದೇ ಮಾತನ್ನು ಮೊದಲು ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೆ. ಮುದ್ರೆ ಒತ್ತಿ ತೆಗೆದುಕೊಂಡರು, ಉತ್ತರ ಬರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮರಾಠಿಯಲ್ಲೇ ತರಕಾರಿ ಕೊಂಡು, ಮರಾಠಿಯಲ್ಲೇ ಜಗಳವಾಡಿದವಳು ನಾನು. ಭಾಷೆಯ ದೋಷದಿಂದ ನಿಮಗೆ ಅರ್ಥವಾಗಲಿಲ್ಲ ಎಂದು ನಾನು ನಂಬಲಾರೆ. ಆದ್ದರಿಂದ ಈಗ ನನ್ನ ತಾಯಿಭಾಷೆಯಲ್ಲಿ, ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಕನ್ನಡ ಓದುವವರಿಗೆ ಬರವಿಲ್ಲ. ನೀವು ಮಧ್ಯಾಹ್ನ ಇಡ್ಲಿ ತರಿಸಿಕೊಳ್ಳುವ ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಬೇಕಾದರೂ ನಿಮಗೆ ಓದಿ ಹೇಳಿಯಾರು.

ಕಳವಾದದ್ದು ಏನೆಂದು ನಿಮಗೆ ಗೊತ್ತಿಲ್ಲ, ಕೇಳಿದವರೂ ಅಲ್ಲ. ನನ್ನ ಯಜಮಾನರು ಕಾಡಪ್ಪ, ಕುಡಚಿಯ ಕಡೆಯವರು. ಇಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ನಾನು ರಾಯಬಾಗದವಳು. ನಮ್ಮ ಮದುವೆಯ ಕಾಲಕ್ಕೆ ಪುಣೆಯಿಂದ ಊರಿಗೆ ಹೋಗಬೇಕಾದರೆ ಮಿರಜ್‌ನಲ್ಲಿ ದೊಡ್ಡ ಗಾಡಿ ಇಳಿದು, ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಬೇಕಿತ್ತು. ಉಗಿ ಎಂಜಿನ್. ಕಿಟಕಿಯಲ್ಲಿ ಕುಳಿತರೆ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳುತ್ತಿತ್ತು. ಹೊಸ ಮದುಮಗಳ ಕಣ್ಣಿನಿಂದ ಅದನ್ನು ಕರವಸ್ತ್ರದ ತುದಿಯಲ್ಲಿ ತೆಗೆಯುವ ನೆಪದಲ್ಲೇ ಈ ಮನುಷ್ಯ ನನ್ನೊಡನೆ ಮೊದಲ ಸಲ ಮಾತಾಡಿದ್ದು. ಆಮೇಲೆ ಆ ಹಳಿ ಕಿತ್ತರು, ಗಾಡಿ ಹೋಯಿತು. ಹೋದದ್ದನ್ನು ಇವರು ಮನೆಯಲ್ಲಿ ಮತ್ತೆ ಕಟ್ಟಲು ಕುಳಿತರು. ಹಿತ್ತಾಳೆ ತಗಡು ಕತ್ತರಿಸಿ, ಅರದಿಂದ ಉಜ್ಜಿ, ಬೆಸುಗೆ ಹಾಕಿ ಎಂಜಿನ್ ಮಾಡಿದರು. ಡಬ್ಬಿಗಳಿಗೆ ಬಣ್ಣ ಹಚ್ಚಿದವಳು, ಒಳಗಿನ ಪ್ರಯಾಣಿಕರನ್ನು ಮಾಡಿದವಳು ನಾನು. ಜೋಳದ ಚೀಲದ ಮೇಲೆ ಕುಳಿತ ಮುದುಕ, ಇಳಕಲ್ ಸೀರೆಯ ಬಾಣಂತಿ, ಬಾಗಿಲಲ್ಲಿ ನೇತಾಡುವ ಪಡ್ಡೆಗಳು, ಎಲ್ಲರೂ ಬೆರಳಿನ ಉಗುರಿಗಿಂತ ತುಸು ದೊಡ್ಡವರು. ಬಾಣಂತಿಯ ಸೀರೆ ನನ್ನ ಧಾರೆ ಸೀರೆಯ ಚೂರು.

ಈಗ ನನ್ನ ಯಜಮಾನರಿಗೆ ಕಂಪವಾತ. ಚಹದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದರೂ ಅರ್ಧ ಕೆಳಗಿನ ಬಸಿಗೇ ಬೀಳುತ್ತದೆ. ಅರ ಹಿಡಿಯುವ ಮಾತಂತೂ ದೂರ. ಇದನ್ನು ನಿಮ್ಮ ಕರುಣೆಗಾಗಿ ಹೇಳುತ್ತಿಲ್ಲ. ನಿಮ್ಮ ಕಚೇರಿಯವರು ನಮಗೆ ಕೊಟ್ಟ ಸಮಾಧಾನ ಏನು ಗೊತ್ತೆ? "ಹೋದರೆ ಹೋಯಿತು, ಇನ್ನೊಂದು ಮಾಡಿಕೊಂಡರಾಯಿತು." ಆ ಸಮಾಧಾನದ ಬೆಲೆ ನಿಮಗೆ ತಿಳಿಯಲೆಂದು ಹೇಳಿದೆ, ಅಷ್ಟೆ.

ಮಾದರಿ ರೈಲುಗಳ ಆ ಪ್ರದರ್ಶನ ನಡೆಸಿದ್ದು ಹವ್ಯಾಸಿಗಳ ಒಂದು ಸಣ್ಣ ಸಂಘ. ಅದರ ಕಾರ್ಯದರ್ಶಿ ನಿತಿನ. ಅವನು ಮೊದಲೇ ನಿಮ್ಮ ಬಳಿ ಬಂದು ಬೇಡಿಕೊಂಡಿದ್ದ. ಇಂಥ ಪ್ರದರ್ಶನಗಳಿಗೆ ನೋಡುವವರ ಜೊತೆ ಎತ್ತುವವರೂ ಬರುತ್ತಾರೆ ಸಾಹೇಬರೇ, ಎಂಜಿನ್ ಅಂಗೈಯಲ್ಲಿ ಹಿಡಿಸುತ್ತದೆ, ಜೇಬಿಗೆ ಹಾಕಿಕೊಂಡು ಹೊರಟರೆ ಗೊತ್ತೇ ಆಗುವುದಿಲ್ಲ, ಒಂದೇ ಬಾಗಿಲು ತೆರೆಯಿರಿ, ಊಟದ ಹೊತ್ತಿಗೆ ಬೀಗ ಹಾಕುವ ಒಂದು ಕೋಣೆ ಕೊಡಿ, ಕಾವಲಿನವರನ್ನು ಮೇಜುಗಳ ಹತ್ತಿರ ನಿಲ್ಲಿಸಿ ಎಂದಿದ್ದ. ನೀವು ನಕ್ಕಿರಂತೆ. "ಚಿಕ್ಕ ಮಕ್ಕಳ ಆಟಿಕೆಗೆ ಬ್ಯಾಂಕಿನ ಬಂದೋಬಸ್ತು ಕೇಳ್ತೀರಾ?" ಎಂದಿರಂತೆ. ಬೀಗದ ಕೋಣೆ ಇತ್ತು, ಇಲ್ಲದೆ ಏನು. ಅದರಲ್ಲಿ ಅಂದು ಹಾರತುರಾಯಿಗಳು, ಶಾಲುಗಳು, ನೆನಪಿನ ಕಾಣಿಕೆಗಳು ಭದ್ರವಾಗಿದ್ದವು. ಅವುಗಳಲ್ಲಿ ಒಂದೂ ಕಳವಾಗಲಿಲ್ಲ. ನಿಮ್ಮ ಭದ್ರತಾ ವ್ಯವಸ್ಥೆ ಕೆಲಸ ಮಾಡುವುದಿಲ್ಲ ಎಂದು ಯಾರು ಹೇಳಿದರು?

ನಮ್ಮ ಸಾಲಿಗೆ ಕಾವಲಿದ್ದವಳು ಬಸವಣ್ಣೆವ್ವ. ಇಂಡಿ ಊರಿನ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಪುಣೆಗೆ ಬಂದು, ಗುತ್ತಿಗೆಯ ಏಜೆನ್ಸಿಯೊಂದರಲ್ಲಿ ಸೇರಿದವಳು. ನಾವಿಬ್ಬರೂ ಕನ್ನಡ ಮಾತಾಡುವುದು ಕೇಳಿ ಬೆಳಿಗ್ಗೆಯೇ ಹತ್ತಿರ ಬಂದಳು. ಮೇಜಿನ ಮೇಲೆ ನಮ್ಮ ಗಾಡಿ ಪುಟ್ಟ ಸೇತುವೆ ದಾಟುವುದನ್ನು ಬಗ್ಗಿ ನೋಡಿ, "ಅಕ್ಕಾರ, ಈ ಮುದುಕ ಥೇಟ್ ನಮ್ಮ ಮಾವನಂಗ ಕುಂತಾನ ನೋಡ್ರಿ, ಚೀಲ ಬಿಟ್ಟು ಏಳಂಗಿಲ್ಲ" ಎಂದು ನಕ್ಕಳು. ಮಧ್ಯಾಹ್ನ ಯಜಮಾನರಿಗೆ ಔಷಧಿಗೆ ಮುಂಚೆ ಏನಾದರೂ ತಿನ್ನಿಸಬೇಕಿತ್ತು. ಅವರು ಮೇಜು ಬಿಟ್ಟು ಏಳಲು ಅನುಮಾನಿಸುತ್ತಿದ್ದರು. ಬಸವಣ್ಣೆವ್ವಳೇ ಒತ್ತಾಯ ಮಾಡಿದಳು.

"ಕಾಕಾರ, ನೀವು ಉಂಡು ಬರ್ರಿ. ನಾ ಇಲ್ಲೇ ಕುಂತಿರ್ತೀನಿ. ನನ್ನ ದಾಟಿ ಯಾರು ಕೈ ಹಾಕ್ತಾರ?"

"ಭಾಳ ಹೊತ್ತು ಆಗಂಗಿಲ್ಲವ್ವಾ" ಎಂದು ಹೇಳಿ ಇವರು ನನ್ನ ಭುಜ ಹಿಡಿದು ಎದ್ದರು.

ಅಷ್ಟರಲ್ಲಿ ನಿಮ್ಮ ಮುಖ್ಯ ಅತಿಥಿಗಳ ಕಾರು ಬಂತು. ಆಮೇಲೆ ನಡೆದದ್ದನ್ನು ಪಕ್ಕದ ಮೇಜಿನವರು ಕಣ್ಣಾರೆ ಕಂಡಿದ್ದಾರೆ, ಹೇಳಲು ಸಿದ್ಧರಿದ್ದಾರೆ. ಕೇಳುವ ಮನಸ್ಸು ನಿಮಗೆ ಬೇಕು. ಭವನದ ಕಾವಲಿನವರೆಲ್ಲರನ್ನೂ ಬಾಗಿಲಿಗೆ ಸಾಲುಗಟ್ಟಲು ಕರೆದರು. ಬಸವಣ್ಣೆವ್ವ ಹೋಗಲಿಲ್ಲ. ಆಗ ನಿಮ್ಮ ಸಹಾಯಕರು ಸ್ವತಃ ಬಂದರು. ಆರತಿ ಎತ್ತಲು ಹೇಳಿದ್ದ ಹೆಂಗಸು ಬಂದಿಲ್ಲ, ನೀನು ಬಾ ಎಂದರು. "ಇಲ್ಲಿ ಸಾಮಾನು ಅದಾವ್ರಿ ಸಾಹೇಬರ, ಬಿಟ್ಟು ಬರಾಕ ಆಗಂಗಿಲ್ಲ" ಎಂದಳು. ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳಿದಳು. "ನೋಕರಿ ಹವೀ ಕಾ ನಕೋ?" ಎಂದು ನಿಮ್ಮ ಸಹಾಯಕರು ಕೇಳಿದರು. ನೌಕರಿ ಬೇಕೋ ಬೇಡವೋ! ಒಂಟಿ ಹೆಂಗಸಿಗೆ ಕೇಳಲು ಇದಕ್ಕಿಂತ ಸಲೀಸಾದ ಪ್ರಶ್ನೆ ಉಂಟೆ? ಆಕೆಯ ಟೋಪಿ ತೆಗೆಸಿದರು. ಖಾಕಿ ಅಂಗಿಯ ಮೇಲೆ ಯಾರದೋ ಓಢಣಿ ಹೊದಿಸಿದರು. ಕೈಗೆ ಆರತಿ ತಟ್ಟೆ ಕೊಟ್ಟರು. ಆಕೆ ನಿಮ್ಮ ಅತಿಥಿಗೂ ನಿಮಗೂ ಕುಂಕುಮ ಹಚ್ಚಿದಳು, ಆಮೇಲೂ ತಟ್ಟೆ ಹಿಡಿದು ನಿಮ್ಮ ಹಿಂದೆ ವೇದಿಕೆಯವರೆಗೆ ಹೋಗಬೇಕಾಯಿತು. ನೀವು ಹಣೆ ಮುಂದೆ ಮಾಡಿ ನಿಂತ ಫೋಟೋ ನಿಮ್ಮ ಭವನದ ಫಲಕದಲ್ಲೇ ಇದೆ. ಒಮ್ಮೆ ನೋಡಿಕೊಳ್ಳಿ, ತಟ್ಟೆ ಹಿಡಿದ ಹೆಂಗಸಿನ ಕಣ್ಣು ನಿಮ್ಮ ಕಡೆ ಇಲ್ಲ. ಕತ್ತು ತಿರುಗಿಸಿ ಹಿಂದೆ ನಮ್ಮ ಮೇಜಿನ ಕಡೆ ನೋಡುತ್ತಿದ್ದಾಳೆ.

ನಾವು ಬಂದಾಗ ಹಳಿ ಇತ್ತು, ಸೇತುವೆ ಇತ್ತು, ನಿಲ್ದಾಣ ಇತ್ತು. ಗಾಡಿ ಇರಲಿಲ್ಲ. ಎಂಜಿನ್, ಡಬ್ಬಿಗಳು, ಎಲ್ಲವನ್ನೂ ಒಯ್ದಿದ್ದರು. ಯಜಮಾನರು ಮೊದಲು ಮೇಜಿನ ಕೆಳಗೆ ಬಗ್ಗಿ ನೋಡಿದರು. "ಬಿದ್ದಿರಬೇಕು ನೋಡು" ಎಂದರು. ಮಂಡಿಯೂರಿ ಬಟ್ಟೆ ಎತ್ತಿ ಕೈಯಾಡಿಸಿದರು. ಸುತ್ತ ಮಕ್ಕಳು, ಅವರ ತಾಯಿತಂದೆಯರು ನಿಂತು ನೋಡುತ್ತಿದ್ದರು. ಯಜಮಾನರನ್ನು ಎಬ್ಬಿಸಲು ನನ್ನೊಬ್ಬಳಿಂದ ಆಗಲಿಲ್ಲ. ನಿತಿನ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ವೇದಿಕೆಯ ಮೇಲೆ ಆಗ ನೀವು ನಮ್ಮ ನಾಡಿನ ರೈಲ್ವೆ ಪರಂಪರೆಯನ್ನು ಉಳಿಸಿಕೊಳ್ಳುವ ಅಗತ್ಯದ ಕುರಿತು ಭಾಷಣ ಮಾಡುತ್ತಿದ್ದಿರಿ.

ಕ್ಯಾಮೆರಾ ನೋಡೋಣ ಎಂದರೆ, ನಮ್ಮ ಸಾಲಿನ ಕ್ಯಾಮೆರಾದ ಮುಂದೆ ನಿಮ್ಮ ಸ್ವಾಗತ ಫಲಕ ಕಟ್ಟಿದ್ದರು. ದಿನವಿಡೀ ಅದು ಫಲಕದ ಬೆನ್ನನ್ನೇ ನಿಷ್ಠೆಯಿಂದ ಚಿತ್ರೀಕರಿಸಿತ್ತು. ಪೊಲೀಸರು "ಖೇಳಣ್ಯಾಚೀ ಗಾಡಿ" ಎಂದು ದೂರು ಬರೆದುಕೊಂಡರು, ಅಂದರೆ ಆಟದ ಗಾಡಿ. ಅವರನ್ನು ನಾನು ದೂರುವುದಿಲ್ಲ. ಭವನದ ಒಡೆಯರೇ ಹಾಗೆ ಕರೆದ ಮೇಲೆ ಅವರೇನು ಮಾಡಿಯಾರು?

ಅದೇ ಸಂಜೆ ನಿಮ್ಮ ಕೋಣೆಗೆ ನಮ್ಮನ್ನು ಕರೆಸಿದಿರಿ. ಮೊದಲ ಸಲ ಕುರ್ಚಿ ಕೊಟ್ಟಿರಿ, ಚಹ ಕೊಟ್ಟಿರಿ. ಹೊರಗಿನ ಬೆಂಚಿನ ಮೇಲೆ ಬಸವಣ್ಣೆವ್ವ ಕುಳಿತಿದ್ದಳು. ಆಕೆಯ ಕೈಚೀಲವನ್ನು ಮೇಜಿನ ಮೇಲೆ ಸುರುವಿಸಿದ್ದಿರಿ: ಬುತ್ತಿ ಡಬ್ಬಿ, ಬಾಚಣಿಗೆ, ಬಸ್ಸಿನ ಪಾಸು, ಮಗಳ ಶಾಲೆಯ ಫೋಟೋ. ರೈಲು ಅದರಲ್ಲಿರಲಿಲ್ಲ. ಆದರೂ ನೀವು ನನ್ನ ಯಜಮಾನರಿಗೆ ಹೇಳಿದ್ದು ಇದು: ಕಾವಲಿನ ಹೆಂಗಸು ತಾನಾಗಿ ಜಾಗ ಬಿಟ್ಟು ಹೋಗಿದ್ದಳು, ಅವಳ ಮೇಲೆ ನಮಗೆ ಸಂಶಯವಿದೆ ಎಂದು ಬರೆದು ರುಜು ಹಾಕಿ, ಏಜೆನ್ಸಿಯ ವಿಮೆಯಿಂದ ನಿಮಗೆ ಪರಿಹಾರ ಕೊಡಿಸುತ್ತೇನೆ, ಎಲ್ಲರಿಗೂ ಒಳ್ಳೆಯದು.

ಎಲ್ಲರಿಗೂ! ಆ 'ಎಲ್ಲರ' ಲೆಕ್ಕದಲ್ಲಿ ಬೆಂಚಿನ ಮೇಲಿದ್ದವಳು ಬರುತ್ತಿರಲಿಲ್ಲ, ಅಲ್ಲವೆ?

ನನ್ನ ಯಜಮಾನರು ಪೆನ್ನು ಮುಟ್ಟಲಿಲ್ಲ. ಕೈ ನಡುಗುತ್ತದೆ, ಬರೆಯಲಾರರು ಎಂದು ನೀವು ತಿಳಿದಿರಿ. "ಕಾಕೂ, ನೀವೇ ರುಜು ಹಾಕಿ" ಎಂದು ಕಾಗದವನ್ನು ನನ್ನ ಕಡೆ ಸರಿಸಿದಿರಿ. ಆಗ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ ಮಾತು ನಿಮಗೆ ತಿಳಿಯಲಿಲ್ಲ, ಏನೆಂದು ನೀವು ಕೇಳಿದಾಗಲೂ ನಾನು ಹೇಳಲಿಲ್ಲ. ಈಗ ಹೇಳುತ್ತೇನೆ: "ನೀತಾ, ನನ್ನ ಗಾಡಿ ಹೋತು, ಹೋಗ್ಲಿ. ಆಕಿ ಅನ್ನ ಯಾಕ ಹೋಗಬೇಕು? ಏಳು, ಮನಿಗೆ ನಡಿ." ನಾವು ಎದ್ದು ಬಂದೆವು. ಚಹವನ್ನು ಅವರು ಹಾಗೆಯೇ ಬಿಟ್ಟಿದ್ದರು. ನಿಮ್ಮೆದುರು ಚೆಲ್ಲಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ರುಜು ಇಲ್ಲದಿದ್ದರೂ ನಿಮ್ಮ ಕೆಲಸ ನಿಲ್ಲಲಿಲ್ಲ. ನೀವೇ ಏಜೆನ್ಸಿಗೆ ಬರೆದಿರಿ. ಅವರು ಆಕೆಯನ್ನು ತೆಗೆದರು, ಹೆಸರಿನ ಮುಂದೆ ಕಳವಿನ ಸಂಶಯ ಎಂದು ಸೇರಿಸಿದರು. ಕೆಲವು ವಾರಗಳ ಮೇಲೆ, ಒಂದು ಭಾನುವಾರ, ಆಕೆ ದೇಹೂ ರೋಡ್‌ನ ನಮ್ಮ ಮನೆ ಹುಡುಕಿಕೊಂಡು ಮಗಳ ಜೊತೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

"ಕಾಕಾರ, ನಾ ಕದ್ದಿಲ್ರಿ" ಎಂದಳು.

"ಕದ್ದಿ ಅಂತ ನಾ ಎಲ್ಲೆ ಅಂದೀನಿ ತಂಗಿ?"

"ನೀವು ಅಂದಿಲ್ರಿ. ಖರೆ, ರಾಂಜಣಗಾಂವದ ಫ್ಯಾಕ್ಟರಿಗೆ ಕೆಲಸ ಕೇಳಾಕ ಹೋದ್ರ ಅಲ್ಲೂ ಅದನ್ನ ಕೇಳ್ತಾರ. ಗಾಡಿ ಕದ್ದಾಕಿ ನೀನ ಏನು ಅಂತ. ಈ ಹುಡುಗಿ ಮುಂದ ಕೇಳಿದ್ರರಿ ಅಕ್ಕಾರ." ಮಗಳು ತಾಯಿಯ ಮುಖ ನೋಡದೆ ಗೋಡೆ ನೋಡುತ್ತ ನಿಂತಿದ್ದಳು. ನನ್ನ ಯಜಮಾನರು ಎದ್ದು ಹೋಗಿ, ಆ ನಡುಗುವ ಕೈಯನ್ನು ಹುಡುಗಿಯ ತಲೆಯ ಮೇಲಿಟ್ಟು, "ನಿಮ್ಮವ್ವ ನನ್ನ ಗಾಡಿ ಕಾಯ್ತಿದ್ಲು. ಕಾಯಾಕ ಬಿಡಲಿಲ್ಲ ಅವರು. ಯಾರು ಕೇಳಿದ್ರೂ ಇಷ್ಟ ಹೇಳು" ಎಂದರು. ಆ ಹುಡುಗಿ ಆಗ ಅತ್ತಳು. ಆಮೇಲೆ ಇಬ್ಬರೂ ಒಳಗೆ ಬಂದು ಕುಳಿತು ಊಟ ಮಾಡಿದರು.

ಬಸವಣ್ಣೆವ್ವ ಈಗ ಖಾನಾವಳಿಯೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ರೈಲು ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ಹಿತ್ತಾಳೆಯನ್ನು ಯಾರೋ ಕರಗಿಸಿರಬಹುದು, ಇಲ್ಲವೇ ಯಾವುದೋ ದಿವಾನಖಾನೆಯ ಗಾಜಿನ ಕಪಾಟಿನಲ್ಲಿ ಅದು ನಿಂತಿರಬಹುದು, ನಾನು ಮಾಡಿದ ಜನ ಒಳಗೆ ಕುಳಿತೇ ಇರಬಹುದು. ಅದನ್ನು ಹುಡುಕಿ ಕೊಡಿ ಎಂದು ನಿಮ್ಮನ್ನು ಕೇಳುವಷ್ಟು ದಡ್ಡಿ ನಾನಲ್ಲ. ಆದರೆ ಒಂದು ಮಾತು ಹೇಳಿ. ಕಳ್ಳ ಒಯ್ದದ್ದು ನಮ್ಮ ಮನೆಯ ಒಂದು ವಸ್ತು. ನೀವು ಒಯ್ದದ್ದು ಒಬ್ಬ ಹೆಂಗಸಿನ ಹೆಸರು, ಅದೂ ಆಕೆಯ ಮಗಳ ಕಣ್ಣೆದುರು. ಕಳ್ಳನಿಗಾದರೂ ಸಿಕ್ಕಿಬೀಳುವ ಭಯವಿದ್ದೀತು. ನಿಮಗೆ ಯಾರ ಭಯ?

ಈಗ ನನಗೆ ಬೇಕಾದದ್ದು ಹೇಳುತ್ತೇನೆ. ಬಸವಣ್ಣೆವ್ವ ತಾನಾಗಿ ಜಾಗ ಬಿಡಲಿಲ್ಲ, ನಮ್ಮ ಕಚೇರಿಯ ಆಜ್ಞೆಯಂತೆ ಬಿಟ್ಟಳು, ಆಕೆಯ ಮೇಲೆ ಯಾವ ಸಂಶಯವೂ ಇಲ್ಲ ಎಂದು ನಿಮ್ಮ ರುಜು ಮುದ್ರೆ ಸಮೇತ ಬರೆದುಕೊಡಬೇಕು. ಏಜೆನ್ಸಿಗೂ ಅದನ್ನೇ ಕಳಿಸಿ, ಆಕೆಯನ್ನು ಅದೇ ಭವನದಲ್ಲಿ, ಅದೇ ಕೆಲಸಕ್ಕೆ ಮರಳಿ ಸೇರಿಸಬೇಕು. ಮುಂದಿನ ಪ್ರದರ್ಶನಕ್ಕೆ ಯಾರದೋ ತಂದೆ, ಯಾರದೋ ಗಂಡ ಇನ್ನೊಂದು ಗಾಡಿ ಹೊತ್ತು ತರುತ್ತಾರೆ. ಅವರಿಗೆ ಬೀಗದ ಕೋಣೆ ಕೊಡಿ, ಹಾರತುರಾಯಿ ಹೊರಗಿರಲಿ. ಕಾವಲಿಗೆಂದು ನಿಲ್ಲಿಸಿದವರನ್ನು ಕಾಯಲು ಬಿಡಿ.

ಸಾರ್ವಜನಿಕರ ಭೇಟಿಗೆ ಸೋಮವಾರ ಎಂದು ನಿಮ್ಮ ಬಾಗಿಲ ಮೇಲೆ ಬರೆದಿದೆ. ಬರುವ ಸೋಮವಾರ ಬಸವಣ್ಣೆವ್ವ, ಆಕೆಯ ಮಗಳು, ನನ್ನ ಯಜಮಾನರು ಮತ್ತು ನಾನು ಬರುತ್ತೇವೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರೆ ಮೀಟಿಂಗು ಮುಗಿಯುವವರೆಗೆ ಕೂರುತ್ತೇವೆ. ರಜೆಯಲ್ಲಿದ್ದಾರೆ ಎಂದರೆ ಅದರ ಮುಂದಿನ ಸೋಮವಾರ ಬರುತ್ತೇವೆ. ಚಾಪೆ ನಮ್ಮದೇ ತರುತ್ತೇವೆ, ಬುತ್ತಿಯೂ ನಮ್ಮದೇ. ನಿಮ್ಮಿಂದ ಬೇಕಾದದ್ದು ನಾಲ್ಕು ಸಾಲು ಮತ್ತು ಒಂದು ರುಜು. ನಿಮ್ಮ ಕೈ ಇನ್ನೂ ಗಟ್ಟಿಯಾಗಿದೆಯಲ್ಲ, ಬರೆಯಿರಿ.

ಇಂತಿ,
ಸರಕಾರಿ ಮೆಟ್ಟಿಲು ಹತ್ತಲು ಮಂಡಿಯಲ್ಲಿ ಬಲವಿಲ್ಲದ, ಹತ್ತದೆ ಬಿಡಲು ಮನಸ್ಸಿಲ್ಲದ
ನೀತಾ ಕಾಡಪ್ಪ
ದೇಹೂ ರೋಡ್, ಪುಣೆ