ಸಾಕು ಅನ್ನುವವಳು

ಮನೆಯಿಂದ, ೧೨ ನವೆಂಬರ್

ಪ್ರೀತಿಯ ಮಗಳೇ,

ಕೆಮ್ಮು ಹೋಯಿತಾ? ಬಿಸಿನೀರು ಕುಡಿ ಎಂದರೆ ಫೋನಿನಲ್ಲಿ ಹೂಂ ಹೂಂ ಅನ್ನುತ್ತೀಯ, ಕುಡಿಯುವುದು ಮಾತ್ರ ತಣ್ಣಗಿನದೇ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಾನು ಗಟ್ಟಿಯಾಗಿದ್ದೇನೆ. ಅಪ್ಪನೂ ಇದ್ದಾರೆ, ಅಂದರೆ ಮನೆಯಲ್ಲಿ ಒಂದು ಚಮಚವೂ ಇಟ್ಟ ಜಾಗದಲ್ಲಿಲ್ಲ ಅಂತ ಅರ್ಥ. ಈಗ ಪಿಟೀಲಿನ ತಂತಿಗಳ ನಡುವೆ ಚಮಚ ಸಿಕ್ಕಿಸಿ, ಕಮಾನಿನ ಬದಲು ನನ್ನ ಬಾಚಣಿಗೆಯಿಂದ ಉಜ್ಜುತ್ತಾರೆ. ಎಡಗೈ ಬೆರಳು ಬಗ್ಗುವುದಿಲ್ಲವಲ್ಲ, ಅದಕ್ಕೆ ಇದು ಹೊಸ ದಾರಿಯಂತೆ. ಮೇಲಿನ ಮನೆಯ ಟೈಲರ್ "ಅಕ್ಕಾ, ನಿಮ್ಮನೇಲಿ ಏನಾದ್ರೂ ರಿಪೇರಿ ನಡೀತಿದ್ಯಾ?" ಎಂದು ಕೇಳಿದ. "ಹೂಂ, ನಮ್ಮ ಯಜಮಾನ್ರದ್ದು" ಎಂದೆ. ಹಾಗೆ ನಗಾಡಿದೆ ನಿಜ, ಆದರೆ ಮೊನ್ನೆ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದಾಗ ಆ ಕಿರಕಿರ ಸದ್ದಿನೊಳಗಿಂದ, ನಿದ್ದೆಯಲ್ಲಿ ಮಗು ಗೊಣಗುವಂಥ ದನಿ ಬಂತು. ಕಣ್ಣು ತುಂಬಿಬಿಟ್ಟಿತು. ಈ ಮುದುಕನಿಗೆ ಈ ವಯಸ್ಸಿನಲ್ಲಿ ಇದೆಲ್ಲ ಎಲ್ಲಿಂದ ಹೊಳೆಯುತ್ತದೋ!

ತೊಂದರೆ ಒಂದೇ, ನಿಲ್ಲಿಸುವುದು ಗೊತ್ತಾಗುವುದಿಲ್ಲ. ಚಿಕ್ಕವಳಿದ್ದಾಗ, ಅವರು ಮನೆಯಲ್ಲಿ ಹೊಸದೇನಾದರೂ ಕಟ್ಟುವಾಗ ನೀನು ಬಾಗಿಲ ಬಳಿ ಕೂತು ಕೇಳಿ, "ಅಪ್ಪಾ, ಸಾಕು!" ಅನ್ನುತ್ತಿದ್ದೆ, ಅವರು ಅಲ್ಲಿಗೇ ಕೈ ಎತ್ತುತ್ತಿದ್ದರು. ಜನ ಅಷ್ಟೊಂದು ಹೊಗಳಿದ ಮುಕ್ತಾಯಗಳೆಲ್ಲ ನಿನ್ನ ಹೊಟ್ಟೆ ಹಸಿದ ಹೊತ್ತಿಗೆ ಆದವು ಎಂದು ಯಾರಿಗೆ ಗೊತ್ತು! ಆಮೇಲೆ ಆ ಒಂದು ಕಾರ್ಯಕ್ರಮದಲ್ಲಿ ಅವರು ನುಡಿಸಿದ್ದಕ್ಕೆ ಸಭೆಯೆಲ್ಲ ನಕ್ಕಿತು, ನೀನು ಎದ್ದು ಹೋದೆ, ಮತ್ತೆ ಕೇಳಲು ಬರಲೇ ಇಲ್ಲ. ಮಗಳಿಗೆ ತನ್ನಿಂದ ನಾಚಿಕೆಯಾಯಿತು ಎಂದು ಅವರು ಇವತ್ತಿಗೂ ನಂಬಿದ್ದಾರೆ. ನಕ್ಕವರನ್ನು ಸಹಿಸಲಾಗದೆ ನೀನು ಹೊರಗೆ ನಿಂತು ಬಿಕ್ಕಿಬಿಕ್ಕಿ ಅತ್ತೆ ಎಂದು ನಾನು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅದನ್ನು ನಿನ್ನ ಬಾಯಿಂದಲೇ ಕೇಳಬೇಕು. ಅಂದಿನಿಂದ ಅವರ ಸಂಗೀತಕ್ಕೆ ಕೊನೆಯೇ ಇಲ್ಲ. ಹೋದ ಸಲದ ಕಾರ್ಯಕ್ರಮದಲ್ಲಿ ಜನ ಒಬ್ಬೊಬ್ಬರೇ ಎದ್ದುಹೋದ ಮೇಲೆ ಕಾವಲುಗಾರ ಬೀಗದ ಕೈ ಕುಲುಕಿಸಿದ; ಇವರು ಅದನ್ನೂ ತಾಳ ಅಂದುಕೊಂಡು ಇನ್ನಷ್ಟು ಉಜ್ಜಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೆಮ್ಮು ನಮ್ಮ ಶತ್ರುಗಳಿಗೆ ಹೋಗಲಿ, ನೀನು ನಗುನಗುತ್ತಾ ಇರು.

ನಿನ್ನ ಅಮ್ಮ

ಮರೆತೇಬಿಟ್ಟಿದ್ದೆ: ಮುಂದಿನ ಶನಿವಾರ ಸಂಜೆ, ಅಂದು ಜನ ನಕ್ಕ ಅದೇ ಸಭಾಂಗಣದಲ್ಲಿ ಅಪ್ಪನ ಕಾರ್ಯಕ್ರಮ. ಬಲಗೈಯೂ ಮರಗಟ್ಟುತ್ತಿದೆ, ಇದೇ ಕೊನೆಯದಂತೆ. "ಅವಳು ಬಂದು ಸಾಕು ಅಂದ್ರೆ ಪಿಟೀಲು ಕೆಳಗಿಡ್ತೀನಿ, ಬೇರೆ ಯಾರ ಮಾತಿಗೂ ಇಡಲ್ಲ" ಎಂದು ಮೊದಲ ಸಾಲಿನಲ್ಲಿ ನಿನಗೊಂದು ಕುರ್ಚಿ ಹಿಡಿದಿಟ್ಟಿದ್ದಾರೆ. ಬಾ ಮಗಳೇ. ಬಂದು, ಸಾಕು ಅಂತ ಬೇಗ ಮಾತ್ರ ಅನ್ನಬೇಡ.