ಅಣ್ಣ ಬಿದ್ದ ರೀತಿ

ಮಾರ್ಚ್ ೧೪, ಗುರುವಾರ

ನಮ್ಮ ಕಂಪನಿಯ ಫುಟ್‌ಬಾಲ್ ವಿಡಿಯೊ ಗೇಮಿನ ವಿಮರ್ಶೆಗಳು ಬಂದವು. ಹುಲ್ಲು, ಬೆವರು, ಚೆಂಡಿನ ತೂಕ ಎಲ್ಲವೂ ಥೇಟ್ ನಿಜದಂತಿದೆಯಂತೆ. ಎಲ್ಲರೂ ಆಡಿಕೊಂಡಿರುವುದು ಒಂದನ್ನೇ: ಆಟಗಾರ ಮಂಡಿ ಹಿಡಿದು ಬೀಳುವುದು ಬರೀ ನಾಟಕ, ಹಾಗೆ ಯಾರೂ ಬೀಳುವುದಿಲ್ಲ. ಬರೆದವರ ಮಂಡಿ ಒಮ್ಮೆಯಾದರೂ ಹೋಗಿತ್ತೇ?

ಫುಟ್‌ಬಾಲ್ ಆಟಗಾರನಾಗಿದ್ದ ನನ್ನ ಅಣ್ಣ ಹಾಗೆಯೇ ಬಿದ್ದಿದ್ದ. ಗೇಮಿಗೆ ಅವನ ಚಲನೆ ಬೇಕೆಂದು ಮೈತುಂಬ ಸೆನ್ಸರ್ ಅಂಟಿಸಿ ಸ್ಟುಡಿಯೊದಲ್ಲಿ ಓಡಿಸುತ್ತಿದ್ದಾಗ ಮಂಡಿ ಹೋಯಿತು. ರೆಕಾರ್ಡಿಂಗ್ ಚೆನ್ನಾಗಿ ಬಂದಿದೆಯೆಂದು ಗೇಮಿನ ನಿರ್ದೇಶಕರು ಅದನ್ನೇ ಹಾಕಿಸಿದರು. ಅಣ್ಣ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ.

ಇವತ್ತು ಅದೇ ನಿರ್ದೇಶಕರು ಅನಿಮೇಶನ್ ಮಾಡುವ ನನಗೆ, "ಆ ಬೀಳೋದನ್ನ ತೆಗೆದುಬಿಡಮ್ಮ, ಮಾನ ಹೋಗ್ತಿದೆ" ಅಂದರು.

ಇದನ್ನು ಅಣ್ಣನಿಗೆ ತಿಳಿಯದಂತೆ ಮುಚ್ಚಿಡಲು ನನ್ನಿಂದಾಗಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ ವಿಮರ್ಶೆಯನ್ನು ಪೂರ್ತಿ ಓದಿದ. "ನಾಟಕವಂತೆ" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಬೀಳೋದನ್ನ ತೆಗಿ. ಓಡೋದನ್ನ ಇಟ್ಕೊ ಕಣೆ" ಅಂದ.

ಅವನು ಓಡಿದ್ದು ಅದೇ ಕೊನೆ. ಆ ರೆಕಾರ್ಡಿಂಗನ್ನು ನಿಧಾನವಾಗಿ ಸರಿಸಿ ನೋಡುತ್ತ ಕೂತಿದ್ದೇನೆ. ಮಂಡಿ ತಿರುಚಿದ ಮೇಲೂ ಒಂದು ಹೆಜ್ಜೆ ಮುಂದಿಟ್ಟಿದ್ದಾನೆ. ಅದನ್ನು ಓಟವೆಂದು ಇಟ್ಟುಕೊಳ್ಳಲೋ, ಬೀಳುವುದೆಂದು ತೆಗೆಯಲೋ?